ಲಿಫ್ಟಿನೊಳಗೆ ಆಡಬಾರದ ಮಾತು

ಆಸ್ಪತ್ರೆಯ ಲಿಫ್ಟು ನಡೆಸುವವನಿಗೆ ಜನರ ಮುಖಕ್ಕಿಂತ ಅವರ ದನಿಯೇ ಹೆಚ್ಚು ಪರಿಚಯ. ಬಾಗಿಲ ಪಕ್ಕದ ಮೂಲೆಯಲ್ಲಿ ಒಂದು ಸ್ಟೂಲು, ಅದರೆದುರು ಗುಂಡಿಗಳು. ಕೂತರೆ ಮುಖ ಗುಂಡಿಗಳ ಕಡೆ, ಬೆನ್ನು ಬಂದವರ ಕಡೆ. ವರ್ಷಗಟ್ಟಲೆ ಹಾಗೆ ಕೂತು ಕೂತು, ಎಲ್ಲರೂ ಲಿಫ್ಟಣ್ಣ ಎಂದು ಕರೆಯುತ್ತಿದ್ದ ಆ ಮನುಷ್ಯನಿಗೆ ಒಂದು ವಿಚಿತ್ರ ಅಭ್ಯಾಸ ಅಂಟಿಕೊಂಡಿತ್ತು. ಎದುರಿಗೆ ನಿಂತು ಯಾರಾದರೂ ಮಾತಾಡಿಸಿದರೆ ಅವನಿಗೆ ಅರ್ಧವೂ ತಲೆಗೆ ಹತ್ತುತ್ತಿರಲಿಲ್ಲ. ಬೆನ್ನ ಹಿಂದೆ ನಿಂತು ಪಿಸುಗುಟ್ಟಿದರೂ ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದ.

ಅದು ಹಳೆಯ ಲಿಫ್ಟು. ಜಾಲರಿ ಬಾಗಿಲನ್ನು ಕೈಯಿಂದಲೇ ಎಳೆಯಬೇಕು, ಸ್ಟ್ರೆಚರ್ ಬಂದರೆ ಮಹಡಿಗೆ ಸರಿಸಮ ನಿಲ್ಲುವಂತೆ ಪುಸಲಾಯಿಸಬೇಕು. ಪ್ರತಿ ಮಹಡಿ ಬಂದಾಗಲೂ ಟಣ್ ಎಂದು ಗಂಟೆ ಹೊಡೆಯುತ್ತಿತ್ತು. ಹೊಸ ಲಿಫ್ಟು ಬರುತ್ತದೆ ಎಂಬ ಸುದ್ದಿ ಅವನು ಕೆಲಸಕ್ಕೆ ಸೇರಿದಾಗಿನಿಂದ ಇತ್ತು. ಸುದ್ದಿ ಹಳತಾಯಿತೇ ಹೊರತು ಲಿಫ್ಟು ಹೊಸತಾಗಲಿಲ್ಲ.

ಅವನಿಗಿಂತ ಮೊದಲು ಆ ಸ್ಟೂಲಿನ ಮೇಲೆ ಕೂರುತ್ತಿದ್ದ ಮುದುಕ ಕೆಲಸ ಬಿಟ್ಟುಹೋಗುವಾಗ ಒಂದೇ ಒಂದು ಬುದ್ಧಿಮಾತು ಹೇಳಿದ್ದ. "ನೋಡು, ಇದರೊಳಗೆ ಬರೋರೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡು ಬಂದಿರ್ತಾರೆ. ಹೇಗಿದ್ದಾರೆ, ಏನಂದ್ರು ಅಂತ ಕೇಳೋಕೆ ಹೋಗ್ಬೇಡ. ರೋಗದ ಮಾತು ಇಲ್ಲಿ ಎತ್ತಲೇಬಾರದು. ಎಷ್ಟನೇ ಮಹಡಿ ಅಂತ ಕೇಳು, ಬಾಗಿಲು ಹಾಕು, ಅಷ್ಟೇ."

ಒಳ್ಳೆಯ ಮಾತೇ. ಲಿಫ್ಟಣ್ಣ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಅಳುತ್ತಾ ಬಂದವರಿಗೆ ಬಿಸಿಲಿನ ವಿಷಯ ಹೇಳಿದ, ನಗುತ್ತಾ ಬಂದವರಿಗೂ ಬಿಸಿಲಿನ ವಿಷಯವನ್ನೇ ಹೇಳಿದ. ಅವನ ತಪ್ಪು ಎಲ್ಲಿ ಎಂದರೆ, ಸಂಜೆ ಕೆಲಸ ಮುಗಿಸಿ ಸಮವಸ್ತ್ರ ಕಳಚಿಟ್ಟರೂ ಆ ಮಾತನ್ನು ಮಾತ್ರ ಕಳಚಿಡಲಿಲ್ಲ. ಮನೆಗೂ ಹೊತ್ತು ತಂದ.

ಹೆಂಡತಿಯ ಹೊಟ್ಟೆಯಲ್ಲಿ ಗೆಡ್ಡೆ ಇದೆ ಎಂದು ಗೊತ್ತಾದ ದಿನ ಅವನು ಮನೆಗೆ ಬಂದು, ಈ ಸಲ ಬಿಸಿಲು ಜಾಸ್ತಿ ಎಂದ. ಅವಳು ನಕ್ಕಳು. ಅವಳು ಅವನನ್ನು ಬಲ್ಲವಳು. ಆಗ ಮಗಳು ಇನ್ನೂ ಹೈಸ್ಕೂಲು. ಅಮ್ಮನ ಬೆನ್ನು ಒರೆಸುವುದು, ವಾಂತಿಗೆ ಬೋಗುಣಿ ಹಿಡಿಯುವುದು, ಮಾತ್ರೆ ನುಂಗಿಸುವುದು, ಮಗ್ಗುಲು ಬದಲಿಸಿ ಮಲಗಿಸುವುದು, ಎಲ್ಲ ಅವಳದೇ. ಲಿಫ್ಟಣ್ಣ ಕೆಲಸದಿಂದ ಬಂದು ಇಬ್ಬರಿಗೂ ಒಂದು ನಗೆಚಾಟಿಕೆ ಹೇಳುತ್ತಿದ್ದ. ಮಗಳು "ಅಪ್ಪ, ಇವತ್ತು ಅಮ್ಮಂಗೆ ನೋವು" ಎಂದು ಬಾಯಿ ತೆರೆದರೆ ಸಾಕು, "ಮನೇಲಿ ರೋಗದ ಮಾತು ಬೇಡ ಮಗಳೇ" ಎನ್ನುತ್ತಿದ್ದ. ಗಡುಸಾಗಿ ಅಲ್ಲ, ಬೇಡಿಕೊಳ್ಳುವವನಂತೆ.

ಕೊನೆಗೆ ಹೆಂಡತಿಯನ್ನು ತನ್ನದೇ ಲಿಫ್ಟಿನಲ್ಲಿ ಐದನೇ ಮಹಡಿಯ ವಾರ್ಡಿಗೆ ಕರೆದೊಯ್ದ. ಶಾಲೆಗೆ ರಜೆ ಹಾಕಿ ಮಗಳು ಪಕ್ಕದಲ್ಲಿ ಕೂತಳು. ಲಿಫ್ಟಿನ ಬಾಗಿಲು ತೆರೆದರೆ ಕಾರಿಡಾರಿನ ತುದಿಯಲ್ಲಿ ಹೆಂಡತಿಯ ಮಂಚದ ಕಾಲು ಕಾಣುತ್ತಿತ್ತು. ದಿನಕ್ಕೆ ಎಷ್ಟೋ ಸಲ ಲಿಫ್ಟಣ್ಣ ಅಲ್ಲಿಗೆ ಹೋಗುತ್ತಿದ್ದ, ಬಾಗಿಲು ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಇಳಿಯುತ್ತಿರಲಿಲ್ಲ. ಕೆಲಸದ ಹೊತ್ತು ಎಂಬುದು ನೆಪ, ಕೈಕಾಲು ಆಡುತ್ತಿರಲಿಲ್ಲ ಎಂಬುದು ನಿಜ. ನರ್ಸಮ್ಮ "ಅವರಿಗೀಗ ಏನೂ ಗೊತ್ತಾಗಲ್ಲ ಬಿಡಿ ಲಿಫ್ಟಣ್ಣ" ಎಂದದ್ದನ್ನೇ ಅವನು ಗಟ್ಟಿಯಾಗಿ ಹಿಡಿದುಕೊಂಡ. ಏನೂ ಗೊತ್ತಾಗದವಳ ಹತ್ತಿರ ಇಳಿದರೇನು, ಬಿಟ್ಟರೇನು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ.

ಅವಳು ಹೋದ ಮೇಲೆ ಮನೆಯಲ್ಲಿ ಅವಳ ಮಾತೂ ಹೋಯಿತು. ಅವಳ ಚಪ್ಪಲಿ ಬಾಗಿಲ ಹಿಂದೆ ಹಾಗೆಯೇ ಉಳಿಯಿತು. ತೆಗೆಯಬೇಕೆಂದರೆ ಅಪ್ಪ ಮಗಳು ಅದರ ಬಗ್ಗೆ ಮಾತಾಡಬೇಕಿತ್ತು. ಆದ್ದರಿಂದ ಯಾರೂ ತೆಗೆಯಲಿಲ್ಲ.

ಮಗಳನ್ನು ಅವನು ಮೊದಲಿನಿಂದಲೂ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದದ್ದು. ಚಿಕ್ಕವಳಿದ್ದಾಗ ಮನೆಗೆ ಬಂದವರ ಕೈ ಹಿಡಿದು ನಾಡಿ ನೋಡುತ್ತಿದ್ದಳು ಎಂದು ಹಾಸ್ಯಕ್ಕೆ ಇಟ್ಟ ಹೆಸರು. ಅವಳು ಅದನ್ನು ಹಾಸ್ಯಕ್ಕೆ ಬಿಡಲಿಲ್ಲ. ಅಮ್ಮ ಹೋದ ಮೇಲೆ ಪುಸ್ತಕದ ಮುಂದೆ ಕೂತವಳು ಏಳಲೇ ಇಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು, ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದೂ ಆಯಿತು. ಕಾಲೇಜು ಆಸ್ಪತ್ರೆಯದೇ, ಅಂಗಳದ ಆಚೆ ಬದಿಗೆ. ಇನ್ನು ಉಳಿದದ್ದು ಸಂದರ್ಶನ ಒಂದೇ. ಹಿರಿಯ ಡಾಕ್ಟರುಗಳು ಸಾಲಾಗಿ ಕೂತು ಪ್ರಶ್ನೆ ಕೇಳುತ್ತಾರೆ, ಯಾಕಮ್ಮ ಡಾಕ್ಟರಾಗಬೇಕು ಅಂತ ಕೇಳೇ ಕೇಳುತ್ತಾರೆ ಎಂದು ಎಲ್ಲರೂ ಹೇಳಿದರು.

ಲಿಫ್ಟಣ್ಣನಿಗೆ ಎಲ್ಲಿಲ್ಲದ ಹುರುಪು ಬಂತು. ಓದಿಸಲು ತನಗೆ ಬರುವುದಿಲ್ಲ, ಸರಿ. ಆದರೆ ಡಾಕ್ಟರು ಯಾಕೆ ಡಾಕ್ಟರಾದರು ಎಂದು ತಿಳಿಯಬೇಕಾದರೆ ಅವನಿಗಿಂತ ಅನುಕೂಲ ಇನ್ನಾರಿಗಿದೆ? ದಿನ ಬೆಳಗಾದರೆ ಅವರೆಲ್ಲ ಅವನ ಬೆನ್ನ ಹಿಂದೆಯೇ ನಿಲ್ಲುವವರು. ಮೊದಲನೇ ಮಹಡಿ ದಾಟಿದ ಮೇಲೆ ಮೆಲ್ಲನೆ ಕೇಳುತ್ತಿದ್ದ. "ಸಾರ್, ಒಂದ್ಮಾತು. ನೀವ್ಯಾಕೆ ಡಾಕ್ಟ್ರಾದ್ರಿ?"

ತಮಾಷೆ ಉತ್ತರಗಳೂ ಬಂದವು. ಒಬ್ಬರು "ನಮ್ಮಪ್ಪ ಬೆತ್ತ ಹಿಡ್ಕೊಂಡಿದ್ರು ಮಾರಾಯ" ಎಂದರು. ಇನ್ನೊಬ್ಬರು ಅರ್ಧ ಕಥೆ ಹೇಳುವಷ್ಟರಲ್ಲಿ ಅವರ ಮಹಡಿ ಬಂತು, ಉಳಿದರ್ಧ ನಾಳೆ ಎಂದು ಹೋದವರು ರಜೆಯ ಮೇಲೆ ಊರಿಗೇ ಹೋಗಿಬಿಟ್ಟರು. ಯಾರಿಗೂ ಲಿಫ್ಟಣ್ಣ ಇದು ನನ್ನ ಮಗಳಿಗಾಗಿ ಎಂದು ಹೇಳಲಿಲ್ಲ. ಹೇಳಿದರೆ ಶಿಫಾರಸು ಕೇಳಿದಂತಾಗುತ್ತದೆ ಎಂಬ ಮರ್ಯಾದೆ ಅವನದು.

ಚಿನ್ನದಂಥ ಉತ್ತರ ಕೊಟ್ಟವರು ಸರ್ಜನ್ ಸಾಹೇಬರು. ಮಾತಿಗೆ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುವ ದಪ್ಪ ದನಿಯವರು. "ಕೈ ನಡುಗಬಾರದು, ಎದೆ ನಡುಗಬೇಕು. ಅಂಥ ಕೆಲಸ ಇದೊಂದೇ ಕಣಯ್ಯ, ಅದಕ್ಕೇ ಬಂದೆ," ಎಂದು ಇಳಿದುಹೋದರು. ಲಿಫ್ಟಣ್ಣ ಆ ದಿನವೆಲ್ಲ ಮೇಲೆ ಕೆಳಗೆ ಓಡಾಡುತ್ತಾ ಮರೆಯದಿರಲೆಂದು ಅದನ್ನೇ ಗುನುಗಿಕೊಂಡ.

ಮನೆಯಲ್ಲಿ ತಾಲೀಮು ಶುರುವಾಯಿತು. ಅಡುಗೆಮನೆಯ ಕುರ್ಚಿ ನಡುಮನೆಗೆ ಬಂತು, ಲಿಫ್ಟಣ್ಣ ಪರೀಕ್ಷಕನಾದ. ಮಗಳು ಬಾಗಿಲು ತಟ್ಟಿ ಒಳಗೆ ಬರಬೇಕು, ನಮಸ್ಕಾರ ಅನ್ನಬೇಕು. ಆದರೆ ಪರೀಕ್ಷಕ ಮಹಾಶಯ ಗೋಡೆಗೆ ಮುಖ ಮಾಡಿ ಕೂತಿದ್ದ.

"ಅಪ್ಪ, ಯಾವ ಪರೀಕ್ಷಕರು ಹೀಗೆ ಬೆನ್ನು ತೋರಿಸ್ಕೊಂಡು ಕೂರ್ತಾರೆ?" ಮಗಳು ನಕ್ಕಳು.

"ಮುಖ ನೋಡಿದ್ರೆ ನನಗೆ ಕೇಳ್ಸಲ್ಲ ಡಾಕ್ಟ್ರಮ್ಮ. ನೀನು ಹೇಳು. ಯಾಕೆ ಡಾಕ್ಟ್ರಾಗಬೇಕು?"

ಅವಳು ಜಡೆಯನ್ನು ಬೆನ್ನಿಗೆ ಹಾಕಿಕೊಂಡಳು. ಆಮೇಲೆ, "ಅಮ್ಮನ್ನ ನೋಡ್ಕೊಳ್ತಿದ್ದಾಗ..." ಎಂದಳು.

"ಅದು ಬೇಡ."

"ಅಲ್ಲಪ್ಪ, ನಿಜವಾದ ಕಾರಣ..."

"ಬೇಡ ಅಂದ್ನಲ್ಲ. ಸರ್ಜನ್ ಸಾಹೇಬರ ಮಾತು ಹೇಳು. ಎಷ್ಟು ಚೆನ್ನಾಗಿದೆ ಅದು!"

ಆ ಹೊತ್ತಿಗೆ ಅವನ ಅಕ್ಕ ಬಂದಿದ್ದಳು, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅಕ್ಕ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. "ಯಾಕೋ ಅವಳ ಬಾಯಿ ಮುಚ್ಚಿಸ್ತೀಯ? ತಾಯೀನ ಹೇಗೆ ನೋಡ್ಕೊಂಡ್ಲು ಅಂತ ಹೇಳ್ಲಿ. ಕೇಳಿದೋರ ಕರುಳು ಚುರ್ ಅನ್ನುತ್ತೆ. ಸೀಟು ಕೊಡ್ದೆ ಎಲ್ಲಿಗೆ ಹೋಗ್ತಾರೆ?"

ಲಿಫ್ಟಣ್ಣನಿಗೆ ಎಲ್ಲಿತ್ತೋ ಸಿಟ್ಟು, ಕುರ್ಚಿಯಿಂದ ಎದ್ದುಬಿಟ್ಟ. "ಅಂದ್ರೆ ಅವಳ ಸಾವನ್ನ ತಗೊಂಡ್ಹೋಗಿ ಮಾರ್ಬೇಕಾ ಅಕ್ಕ? ಅಯ್ಯೋ ಪಾಪ ಅನ್ನಿಸ್ಕೊಂಡು ಸೀಟು ತಗೋಬೇಕಾ? ನನ್ನ ಮಗಳು ಅಂಕ ತಗೊಂಡಿದ್ದಾಳೆ, ಭಿಕ್ಷೆ ಬೇಡಲ್ಲ." ಹಾಗೆಯೇ ಮಗಳ ಕಡೆ ತಿರುಗಿ, "ನೋಡು, ಅವರಾಗೇ ಕೇಳಿದ್ರೂ ಹೇಳ್ಬೇಡ. ಮನೇಲಿ ಎಲ್ಲ ಆರೋಗ್ಯವಾಗಿದ್ದಾರೆ ಅನ್ನು. ಮುಗೀತು," ಎಂದ.

ಮಗಳು ಅಪ್ಪನ ಮುಖ ನೋಡಿದಳು. "ಆಯ್ತಪ್ಪ," ಎಂದಳು.

ಸಂದರ್ಶನದ ದಿನ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನೂ ಹೋದ. ಕಾಲೇಜಿನ ಮೆಟ್ಟಿಲ ಕೆಳಗೆ ಬೆಂಚಿತ್ತು. ಅಲ್ಲಿ ಅವನಂಥವರೇ ತುಂಬಿದ್ದರು, ಅಪ್ಪಂದಿರು, ಅಮ್ಮಂದಿರು. ಒಬ್ಬಾಕೆ ಮಗನ ತಲೆಗೂದಲನ್ನು ಅಂಗೈಗೆ ಎಂಜಲು ಹಚ್ಚಿಕೊಂಡು ಒತ್ತಿ ಕೂರಿಸುತ್ತಿದ್ದಳು, ಅವನು ನಾಚಿಕೆಯಿಂದ ಕೊಸರಾಡುತ್ತಿದ್ದ. ಲಿಫ್ಟಣ್ಣ ತನ್ನ ಮಗಳ ಕಡೆ ನೋಡಿದ. ಜಡೆ ತಾನೇ ಹಾಕಿಕೊಂಡಿದ್ದಳು, ಒಂದು ಎಳೆ ತಪ್ಪಿತ್ತು. ಹೇಳೋಣವೆಂದುಕೊಂಡ, ಹೇಳಲಿಲ್ಲ.

ಅವಳು ಒಳಗೆ ಹೋಗಿ ಬಂದಳು. ಮುಖ ಬಿಳಿಚಿಕೊಂಡಿತ್ತು. "ಹೇಗಾಯ್ತು ಡಾಕ್ಟ್ರಮ್ಮ?" ಎಂದ.

"ಎಲ್ಲ ಹೇಳ್ದೆ ಅಪ್ಪ. ನೀವು ಹೇಳ್ಕೊಟ್ಟ ಹಾಗೇ."

ಅವನಿಗೆ ಆಕಾಶಕ್ಕೆ ಮೂರೇ ಗೇಣು. ಐಸ್‌ಕ್ರೀಮು ಕೊಡಿಸಿದ. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಡೆದಳು, ಕರಗಿ ಮೊಣಕೈವರೆಗೂ ಇಳಿಯಿತು. ಆಯಾಸ ಆಗಿರಬೇಕು ಎಂದುಕೊಂಡ.

ಮಾರನೆಯ ದಿನ ಮಧ್ಯಾಹ್ನ ನೆಲಮಹಡಿಯಲ್ಲಿ ಇಬ್ಬರು ಲಿಫ್ಟು ಹತ್ತಿದರು. ಗಂಟಲು ಸರಿಮಾಡಿಕೊಂಡ ಸದ್ದಿನಿಂದಲೇ ಒಬ್ಬರು ಸರ್ಜನ್ ಸಾಹೇಬರೆಂದು ತಿಳಿಯಿತು. ಇನ್ನೊಂದು ಮೆದು ದನಿ ಮಕ್ಕಳ ವಾರ್ಡಿನ ಹಿರಿಯ ಮೇಡಮ್ಮನದು. "ಐದನೇ ಮಹಡಿ, ಮೀಟಿಂಗ್ ರೂಮು," ಎಂದರು. ಲಿಫ್ಟಣ್ಣ ಬಾಗಿಲು ಎಳೆದ.

"ನಿನ್ನೆ ಬಂದಿದ್ದ ಆ ಜಡೆ ಹುಡುಗಿ ನನ್ನ ತಲೆಯಿಂದ ಹೋಗ್ತಾನೇ ಇಲ್ಲ," ಎಂದರು ಮೇಡಮ್ಮ.

"ಯಾರು, ನನ್ನ ಮಾತನ್ನ ನನಗೇ ಒಪ್ಪಿಸಿದ್ಲಲ್ಲ, ಅವಳಾ?" ಸರ್ಜನ್ ಸಾಹೇಬರು ನಕ್ಕರು. "ಕೈ ನಡುಗಬಾರದು, ಎದೆ ನಡುಗಬೇಕು! ನಾನು ಕ್ಲಾಸಲ್ಲೆಲ್ಲ ಹೇಳೋದು. ಯಾರೋ ಚೆನ್ನಾಗಿ ಉರು ಹೊಡೆಸಿ ಕಳಿಸಿದ್ದಾರೆ."

ಆ ಪರೀಕ್ಷಕರ ಸಾಲಿನಲ್ಲಿ ಅವರೇ ಕೂತಿರಬಹುದು ಎಂಬುದು ಲಿಫ್ಟಣ್ಣನಿಗೆ ಹೊಳೆದೇ ಇರಲಿಲ್ಲ.

"ಅದಿರಲಿ. ಯಾರಾದ್ರೂ ಕಾಯಿಲೆಯವರ ಪಕ್ಕ ಕೂತಿದ್ದೀಯಾ ಅಮ್ಮ ಅಂತ ಕೇಳ್ದೆ," ಮೇಡಮ್ಮ ಹೇಳುತ್ತಿದ್ದರು. "ಇಲ್ಲ ಅಂದ್ಲು. ಅಷ್ಟು ಹೇಳೋಕೆ ಎಷ್ಟು ಹೊತ್ತು ತಗೊಂಡ್ಲು! ಇನ್ನೊಂದ್ಸಲ ಕೇಳ್ದೆ. ಇಲ್ಲ ಮೇಡಂ, ನಮ್ಮನೇಲಿ ಎಲ್ಲ ಆರೋಗ್ಯವಾಗಿದ್ದಾರೆ ಅಂದ್ಲು. ಹಾಗಂತ ಹೇಳಿ ನೆಲ ನೋಡಿದ್ಲು."

"ಅಂಕ ಇದೆ, ಒಪ್ತೀನಿ," ಎಂದರು ಸರ್ಜನ್ ಸಾಹೇಬರು. "ಆದ್ರೆ ರೋಗಿ ಮುಖಾನೇ ನೋಡದೋರು, ಬರೀ ಬಾಯಿಪಾಠ. ನನಗೇನೋ ಬೇಡ ಅನ್ಸುತ್ತೆ. ಈಗ ಹೇಗೂ ಕೂತು ತೀರ್ಮಾನ ಮಾಡ್ತೀವಲ್ಲ."

ಎರಡನೇ ಮಹಡಿಯ ಗಂಟೆ ಹೊಡೆಯಿತು. ಅಂದರೆ ಇನ್ನೂ ತೀರ್ಮಾನ ಆಗಿಲ್ಲ. ತಿರುಗಿ ಒಂದು ಮಾತು ಹೇಳಿದರೆ ಸಾಕಿತ್ತು. ಅವಳು ನನ್ನ ಮಗಳು ಮೇಡಂ, ಅವಳಷ್ಟು ರೋಗಿಯ ಪಕ್ಕ ಕೂತವರು ಯಾರೂ ಇಲ್ಲ, ಹೇಳಬೇಡ ಅಂದದ್ದು ನಾನು. ಇಷ್ಟೇ ಮಾತು. ಭಿಕ್ಷೆ ಅಲ್ಲ ಅದು, ನಿಜ. ಮೂರನೇ ಮಹಡಿ ದಾಟಿತು. ನಾಲ್ಕನೆಯದೂ ದಾಟಿತು. ಇಷ್ಟು ವರ್ಷ ಬೇರೆಯವರ ರೋಗದ ಮಾತಿಗೆ ಬೀಗ ಹಾಕಿದ್ದ ಬಾಯಿ ಅದು. ತನ್ನ ಮನೆಯ ಮಾತಿಗೆ ಬೀಗ ತೆಗೆಯಲು ಹೋದರೆ ಕೀಲಿಕೈಯೇ ಸಿಗಲಿಲ್ಲ. ಟಣ್ ಎಂದಿತು. ಲಿಫ್ಟಣ್ಣ ಬಾಯಿ ತೆರೆದ.

"ಐದನೇ ಮಹಡಿ," ಎಂದ.

ಅವರು ಇಳಿದು ಹೋದರು.

ಹೆಸರುಗಳ ಪಟ್ಟಿ ಹಾಕಿದಾಗ ಅದರಲ್ಲಿ ಅವಳ ಹೆಸರಿರಲಿಲ್ಲ. ಅಕ್ಕ ಬಂದು ಅತ್ತಳು, ಕಾಲೇಜಿನವರಿಗೆ ಶಾಪ ಹಾಕಿದಳು, ತಮ್ಮನಿಗೂ ನಾಲ್ಕು ಹಾಕಿ ಹೋದಳು. ಮಗಳು ಅಳಲಿಲ್ಲ. ಒಣಗಿದ ಬಟ್ಟೆ ತಂದು ಮಡಚಿದಳು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಲಿಫ್ಟಣ್ಣನಿಗೆ ಅವಳನ್ನು ಡಾಕ್ಟ್ರಮ್ಮ ಎಂದು ಕರೆಯಲು ನಾಲಗೆ ಏಳಲಿಲ್ಲ. "ಮುಂದಿನ ವರ್ಷ ಮತ್ತೆ ಹಾಕೋಣ ಮಗಳೇ," ಎಂದ. "ಸೀಟು ಹೋದ್ರೆ ಹೋಗ್ಲಿ."

"ಸೀಟಿಗಲ್ಲಪ್ಪ." ಅವಳು ಬಟ್ಟೆ ಕೆಳಗಿಟ್ಟಳು. "ಅಲ್ಲೊಬ್ರು ಮೇಡಂ ಎಷ್ಟು ಪ್ರೀತಿಯಿಂದ ಕೇಳಿದ್ರು ಗೊತ್ತಾ? ಕಾಯಿಲೆಯವರ ಪಕ್ಕ ಕೂತಿದ್ದೀಯಾ ಅಂತ. ಇಲ್ಲ ಅಂದ್ಬಿಟ್ಟೆ. ಎರಡು ಸಲ ಕೇಳಿದ್ರು, ಎರಡು ಸಲಾನೂ ಇಲ್ಲ ಅಂದೆ. ಅಮ್ಮ ಅನ್ನೋಳೇ ಇರ್ಲಿಲ್ಲ ಅನ್ನೋ ಹಾಗೆ ಹೇಳಿ ಬಂದ್ನಲ್ಲಪ್ಪ."

"ನಂಗೊತ್ತು," ಎಂದ ಲಿಫ್ಟಣ್ಣ.

"ಹೇಗೆ ಗೊತ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮೇಡಮ್ಮ, ಸರ್ಜನ್ ಸಾಹೇಬರು, ಬೆನ್ನ ಹಿಂದಿನ ಮಾತು, ಇನ್ನೂ ಆಗಿರದಿದ್ದ ತೀರ್ಮಾನ, ಎಲ್ಲವನ್ನೂ ನೆಲ ನೋಡುತ್ತಾ ಹೇಳಿ ಮುಗಿಸಿದ.

"ಕೇಳಿಸ್ಕೊಂಡೂ ಸುಮ್ನೆ ಇದ್ರಾ?"

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆ ಸದ್ದು ನಿಂತಿತು. ಆಮೇಲೆ ಲಿಫ್ಟಣ್ಣ ಎದ್ದು ಆ ಪರೀಕ್ಷಕನ ಕುರ್ಚಿಯನ್ನು ತಂದ. ಗೋಡೆಯ ಕಡೆ ಹಾಕಲಿಲ್ಲ. ಮಗಳ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಹಾಕಿ ಕೂತ. ಅವಳ ಮುಖ ನೋಡಿದ. ಹೆಂಡತಿಯ ಹುಬ್ಬೇ ಅಲ್ಲಿತ್ತು. ಇಷ್ಟು ದಿನ ನೋಡಿರಲಿಲ್ಲವಲ್ಲ ಎನ್ನಿಸಿತು.

"ಯಾರಾದ್ರೂ ಕಾಯಿಲೆಯವರ ಪಕ್ಕ ಕೂತಿದ್ದೀಯಾ ಅಮ್ಮ?" ಎಂದು ಕೇಳಿದ.

"ಹೂಂ," ಎಂದಳು. "ನಮ್ಮಮ್ಮನ ಪಕ್ಕ."

ಶುರುವಾದ ಮೇಲೆ ಮಾತು ನಿಲ್ಲಲಿಲ್ಲ. ಅಮ್ಮನ ಬೆನ್ನಿನ ಹುಣ್ಣು ಮೊದಲು ಎಲ್ಲಿ ಎದ್ದಿತು, ಯಾವ ಕಡೆ ಮಲಗಿಸಿದರೆ ನರಳುತ್ತಿರಲಿಲ್ಲ, ಮಾತ್ರೆಯನ್ನು ಪುಡಿ ಮಾಡಿ ಯಾವುದರಲ್ಲಿ ಬೆರೆಸಿದರೆ ವಾಂತಿಯಾಗುತ್ತಿರಲಿಲ್ಲ, ನೋವು ಹೆಚ್ಚಾದಾಗ ಮಗಳಿಗೆ ಕೇಳಿಸಬಾರದೆಂದು ಸೆರಗು ಹೇಗೆ ಕಚ್ಚಿಕೊಳ್ಳುತ್ತಿದ್ದಳು. ಲಿಫ್ಟಣ್ಣನಿಗೆ ಎದ್ದು ಓಡಿಹೋಗೋಣ ಎನ್ನಿಸುತ್ತಿತ್ತು. ಕುರ್ಚಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತ.

"ಕಡೇ ದಿನಗಳಲ್ಲಿ ಕಣ್ಣೇ ಬಿಡ್ತಿರ್ಲಿಲ್ಲ," ಎಂದಳು ಮಗಳು. "ಏನೂ ಗೊತ್ತಾಗಲ್ಲ ಅಂತಿದ್ರು ನರ್ಸು. ಗೊತ್ತಾಗ್ತಿತ್ತಪ್ಪ. ನಿಮ್ಮ ಲಿಫ್ಟಿನ ಗಂಟೆ ಕೇಳಿಸ್ತಿತ್ತು ಅವಳಿಗೆ."

ಲಿಫ್ಟಣ್ಣ ಮುಂದಕ್ಕೆ ಬಾಗಿದ.

"ಟಣ್ ಅಂದಾಗೆಲ್ಲ, 'ನಿಮ್ಮಪ್ಪ ಬಂದ್ರು ಕಣೇ, ನನ್ನ ತಲೆ ಬಾಚು' ಅಂತ ನನ್ನ ಕಿವಿಗಷ್ಟೇ ಕೇಳೋ ಹಾಗೆ ಉಸುರ್ತಿದ್ಲು. ಕೂದಲೆಲ್ಲಿತ್ತು ಬಾಚೋಕೆ. ಆದ್ರೂ ಬಾಚ್ತಿದ್ದೆ. ಬಾಚಿ ಮುಗಿಸೋಷ್ಟರಲ್ಲಿ ಬಾಗಿಲು ಮುಚ್ಚಿದ ಸದ್ದಾಗೋದು. 'ಕೆಲಸ ಇರುತ್ತೆ ಪಾಪ, ಮುಂದಿನ ಸಲ ಇಳೀತಾರೆ' ಅನ್ನೋಳು. ಮತ್ತೆ ಗಂಟೆ ಹೊಡೀತಿತ್ತು, ಮತ್ತೆ ಬಾಚು ಅನ್ನೋಳು." ಅವಳು ಅಪ್ಪನ ಕೈಯನ್ನು ಕುರ್ಚಿಯಿಂದ ಬಿಡಿಸಿ ಹಿಡಿದುಕೊಂಡಳು. "ಎಷ್ಟೋ ಸಲ ಹೇಳೋಣ ಅಂತ ಬಾಯಿ ತೆಗೆದೆ. ನೀವು ಬೇಡ ಅಂತಿದ್ರಿ."

ಲಿಫ್ಟಣ್ಣ ಅತ್ತ. ದೊಡ್ಡ ದನಿ ತೆಗೆದು, ಬೀದಿಯವರಿಗೆ ಕೇಳಿಸುವಂತೆ ಅತ್ತ. ಸೀಟಿಗಾಗಿ ಅಳದಿದ್ದ ಮಗಳೂ ಆಗ ಅತ್ತಳು.

ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದ. ಬಾಗಿಲು ಎಳೆದ, ಮಹಡಿ ಕೇಳಿದ. ಲಿಫ್ಟು ಐದನೆಯದಕ್ಕೆ ಬಂದು ಟಣ್ ಎಂದಾಗ ಸ್ಟೂಲಿನಿಂದ ಎದ್ದು ನಿಂತ. ಒಳಗಿದ್ದವರು ಏನಾಯ್ತು ಲಿಫ್ಟಣ್ಣ, ಕೆಟ್ಟುಹೋಯ್ತಾ ಎಂದು ಕೇಳಿದರು.

"ಇಲ್ಲ. ಸ್ವಲ್ಪ ಇಳೀಬೇಕು," ಎಂದ.

ಇಳಿದ. ಕಾರಿಡಾರಿನ ತುದಿಯವರೆಗೂ ನಡೆದ. ಹೆಂಡತಿ ಮಲಗಿದ್ದ ಆ ಮಂಚದ ಮೇಲೆ ಈಗ ಯಾರೋ ಮುದುಕರು ನಿದ್ದೆ ಹೋಗಿದ್ದರು, ಪಕ್ಕದಲ್ಲಿ ಯಾರೂ ಇರಲಿಲ್ಲ. ಲಿಫ್ಟಣ್ಣ ಜೇಬಿನಿಂದ ಬಾಚಣಿಗೆ ತೆಗೆದು ತನ್ನ ತಲೆ ಬಾಚಿಕೊಂಡ. ಅಲ್ಲಿದ್ದ ಸ್ಟೂಲಿನ ಮೇಲೆ, ಮಂಚದ ಕಡೆ ಮುಖ ಮಾಡಿ ಕೂತ. ಹಿಂದೆ ಲಿಫ್ಟಿನೊಳಗಿಂದ ಜನ ಕರೆಯುತ್ತಿದ್ದರು.